ಕರಾವಳಿಯ ಸೆಕೆಯಲ್ಲಿ ಹಳೇ ಐ5ರ ಓವರ್‌ಕ್ಲಾಕ್: ಈವರೆಗಿನ ಪ್ರಗತಿ

ಓವರ್‌ಕ್ಲಾಕ್ ಅಂದರೆ ಪ್ರೊಸೆಸರನ್ನು ಕಂಪನಿ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು.

ಯಂತ್ರ: ಇಂಟೆಲ್ ಕೋರ್ ಐ5-2500ಕೆ ಪ್ರೊಸೆಸರ್ (2011), ಝಡ್68 ಮದರ್‌ಬೋರ್ಡ್, 8 ಜಿಬಿ ಡಿಡಿಆರ್3 ರ‍್ಯಾಮ್, 550 ವ್ಯಾಟ್ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ). ಜಾಗ: ಉಡುಪಿ, ಏಸಿ ಇಲ್ಲದ ಕೋಣೆ.

ಹೊಸಬರು ಮೊದಲು ನೋಡಬೇಕಾದದ್ದು ಮದರ್‌ಬೋರ್ಡ್. ಹೆಸರಿನ ಕೊನೆಗೆ 'ಕೆ' ಇರುವ ಪ್ರೊಸೆಸರ್ ಇದ್ದರೂ ಬೋರ್ಡಿನ ಚಿಪ್‌ಸೆಟ್ ಎಚ್61 ಆದರೆ ಮಲ್ಟಿಪ್ಲೈಯರ್ (ಮೂಲ ಗಡಿಯಾರವನ್ನು ಗುಣಿಸಿ ಪ್ರೊಸೆಸರಿನ ವೇಗ ಕೊಡುವ ಸಂಖ್ಯೆ) ಏರಿಸಲು ಬರುವುದಿಲ್ಲ. ಪಿ67, ಝಡ್68, ಝಡ್77 ಇದ್ದರೆ ಮುಂದುವರಿಯಬಹುದು.

ಮೊದಲ ವಾರ: ಬರೀ ಸ್ವಚ್ಛತೆ

ಪ್ರೊಸೆಸರಿನ ಬಿಸಿ ಹೊರಹಾಕುವ ಹೀಟ್‌ಸಿಂಕ್ ಬಿಚ್ಚಿದಾಗ ಅಲ್ಯೂಮಿನಿಯಂ ರೆಕ್ಕೆಗಳ ಅಂಚಿಗೆ ಬಿಳಿ ಪುಡಿ ಕೂತಿತ್ತು. ಸಮುದ್ರದ ಉಪ್ಪು ಗಾಳಿಯ ಕೆಲಸ ಅದು. ಅದರ ಮೇಲೆ ಧೂಳು ಅಂಟಿ, ಗಾಳಿ ನುಗ್ಗಲು ದಾರಿಯೇ ಇರಲಿಲ್ಲ. ಎರಡರ ನಡುವೆ ಬಿಸಿ ದಾಟಿಸುವ ಹಳೇ ಪೇಸ್ಟ್ ಒಣಗಿ ಗದ್ದೆಯ ಮಣ್ಣಿನಂತೆ ಬಿರುಕು ಬಿಟ್ಟಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಹಾಕಿ, 120 ಮಿಮೀ ಫ್ಯಾನಿನ ಟವರ್ ಕೂಲರ್ ಕೂರಿಸಿದ್ದಾಯಿತು. ಸ್ಕ್ರೂಗಳನ್ನು ಅಡ್ಡಡ್ಡ ಮೂಲೆಗಳಲ್ಲಿ ಅರ್ಧರ್ಧ ಸುತ್ತು ಬಿಗಿಯುತ್ತ ಬರಬೇಕು. ಒಂದೇ ಬದಿ ಪೂರ್ತಿ ಬಿಗಿದರೆ ಪೇಸ್ಟ್ ಇನ್ನೊಂದು ಬದಿಗೆ ಸರಿದು, ಕೋರ್‌ಗಳ ತಾಪ ಒಂದೊಂದು ಒಂದೊಂದು ತರಹ ತೋರಿಸುತ್ತದೆ. ಪ್ರೊಸೆಸರ್ ಜೊತೆ ಬಂದ ಕೂಲರ್ ಈ ಕೆಲಸಕ್ಕೆ ಸಾಲದು.

ಏನೂ ಏರಿಸದೆ ಪ್ರೈಮ್95ರ ಸ್ಮಾಲ್ ಎಫ್‌ಎಫ್‌ಟಿ (ಪ್ರೊಸೆಸರನ್ನು ಪೂರ್ತಿ ದುಡಿಸುವ ಪರೀಕ್ಷೆ) ಓಡಿಸಿದಾಗ: ಕೋಣೆ 33 ಡಿಗ್ರಿ, ಅತಿ ಬಿಸಿಯ ಕೋರ್ 64. ಅಂದರೆ ಕೋಣೆಗಿಂತ 31 ಹೆಚ್ಚು. ಇಲ್ಲಿ ಬರೆದಿಡಬೇಕಾದದ್ದು ಈ ಅಂತರವನ್ನೇ. ಡಿಸೆಂಬರ್ ರಾತ್ರಿಯ 64ಕ್ಕೂ ಮೇ ತಿಂಗಳ ಮಧ್ಯಾಹ್ನದ 64ಕ್ಕೂ ಅರ್ಥ ಬೇರೆ.

ಎರಡನೇ ವಾರ: ಮಲ್ಟಿಪ್ಲೈಯರ್ 40ರಿಂದ 42

ಶುರುವಿಗೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಒಂದು ಪೂರ್ತಿ ಸುತ್ತು. ರ‍್ಯಾಮ್ ಕೆಟ್ಟಿದ್ದರೆ ದೋಷ ಪ್ರೊಸೆಸರ್ ತಲೆಗೆ ಬಂದು ದಿನಗಟ್ಟಲೆ ದಾರಿ ತಪ್ಪಿಸುತ್ತದೆ. ಆಮೇಲೆ ಬಯೋಸ್‌ನ (ಬೋರ್ಡಿನ ಸೆಟ್ಟಿಂಗ್ ಪರದೆಯ) ಪ್ರತಿ ಪುಟಕ್ಕೂ ಮೊಬೈಲಿನಲ್ಲಿ ಒಂದು ಫೋಟೊ.

ಬೇಸ್ ಕ್ಲಾಕ್ (ಮೂಲ ಗಡಿಯಾರ) 100 ಮೆಗಾಹರ್ಟ್ಸ್‌ನಲ್ಲೇ ಇರಲಿ, ಆಗ ಮಲ್ಟಿಪ್ಲೈಯರ್ 40 ಅಂದರೆ 4.0 ಗಿಗಾಹರ್ಟ್ಸ್. ಈ ಪೀಳಿಗೆಯಲ್ಲಿ ಹಾರ್ಡ್‌ಡಿಸ್ಕಿನ ಸಾಟಾ, ಕಾರ್ಡುಗಳ ಪಿಸಿಐ ಎಕ್ಸ್‌ಪ್ರೆಸ್ ಎಲ್ಲವೂ ಅದೇ ಗಡಿಯಾರಕ್ಕೆ ಕಟ್ಟುಬಿದ್ದಿವೆ. ಅದನ್ನು ಏರಿಸಿದರೆ ಹಾರ್ಡ್‌ಡಿಸ್ಕಿನ ಫೈಲುಗಳೇ ಕೆಡಬಹುದು. ಮಲ್ಟಿಪ್ಲೈಯರ್ ಒಂದನ್ನೇ ಮುಟ್ಟಬೇಕು. ವೋಲ್ಟೇಜನ್ನು 'ಆಟೋ'ಗೆ ಬಿಡಬಾರದು, ಬೋರ್ಡ್ ಬೇಕಾದ್ದಕ್ಕಿಂತ ಹೆಚ್ಚೇ ಕೊಟ್ಟುಬಿಡುತ್ತದೆ. 40ಕ್ಕೆ 1.20 ವೋಲ್ಟ್, 42ಕ್ಕೆ 1.24 ವೋಲ್ಟ್: ಎರಡೂ ನಿಂತವು.

ಮೂರನೇ ವಾರ: ಗೋಡೆ

45ಕ್ಕೆ 1.31 ವೋಲ್ಟ್ ಕೊಟ್ಟಾಗ ವಿಂಡೋಸ್ ತೆರೆಯಿತು, ಹತ್ತೇ ನಿಮಿಷಕ್ಕೆ ನೀಲಿ ಪರದೆ, ಕೋಡ್‌ನ ಕೊನೆಗೆ 124. ಈ ಪೀಳಿಗೆಯಲ್ಲಿ ಅದರ ಅರ್ಥ ಹೆಚ್ಚಾಗಿ ಒಂದೇ, ವೋಲ್ಟೇಜ್ ಸಾಲದು. 44ಕ್ಕೆ ಇಳಿಸಿದಾಗ ಅದೇ 1.31ರಲ್ಲಿ ರಾತ್ರಿಯಿಡೀ ಓಡಿತು: ಕೋಣೆ 27, ಕೋರ್ 76. ಖುಷಿಪಡುವ ಹಾಗೇ ಇತ್ತು. ಮರುದಿನ ಮಧ್ಯಾಹ್ನ ಮೂರಕ್ಕೆ ಕೋಣೆ 34 ಇದ್ದಾಗ ಅದೇ ಪರೀಕ್ಷೆ 83 ತೋರಿಸಿತು. ಈ ಪ್ರೊಸೆಸರ್ ತನ್ನನ್ನು ತಾನೇ ನಿಧಾನಿಸಿಕೊಳ್ಳುವುದು 98ರ ಹತ್ತಿರ. ಆದರೂ ದಿನವಿಡೀ ಓಡುವ ಯಂತ್ರಕ್ಕೆ ಇಲ್ಲಿ ಹಾಕಿಕೊಂಡ ಮಿತಿ 80. ಅವಸರ ಬೇಡ ಮಾರಾಯ್ರೆ, ರಾತ್ರಿಯ ಪರೀಕ್ಷೆಯನ್ನು ನಂಬಬೇಡಿ. ಪರೀಕ್ಷೆ ಮಾಡುವುದಾದರೆ ಸೆಕೆ ನೆತ್ತಿಗೇರಿದ ಹೊತ್ತಿನಲ್ಲೇ ಮಾಡಿ.

ಬಿಸಿ ಇಷ್ಟು ಬೇಗ ಏರುವುದಕ್ಕೆ ಕಾರಣ ವೋಲ್ಟೇಜ್. ಪ್ರೊಸೆಸರ್ ಉಣ್ಣುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರಿದರೆ, ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ (ಅದನ್ನು ಅದರಿಂದಲೇ ಗುಣಿಸಿದಂತೆ) ಏರುತ್ತದೆ. 4.0 ಗಿಗಾಹರ್ಟ್ಸ್ 1.20 ವೋಲ್ಟಿನಿಂದ 4.5 ಗಿಗಾಹರ್ಟ್ಸ್ 1.35 ವೋಲ್ಟಿಗೆ ಹೋದರೆ ಸಿಗುವ ವೇಗ ಶೇ 12.5, ತೆರುವ ವಿದ್ಯುತ್ತು ಸುಮಾರು ಶೇ 42.

ಹಾಗಾಗಿ ಮತ್ತೆ 42, 1.24 ವೋಲ್ಟ್. ಮಧ್ಯಾಹ್ನದ ತಾಪ 76, ಕೋಣೆಗಿಂತ 42 ಹೆಚ್ಚು. ಲೋಡ್‌ಲೈನ್ (ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ತಡೆಯುವ ಸೆಟ್ಟಿಂಗ್) ಮಧ್ಯಮದಲ್ಲಿ. ಅದನ್ನು ತುತ್ತತುದಿಗೆ ಇಟ್ಟರೆ ಲೋಡ್ ಇಳಿದ ಕ್ಷಣ ವೋಲ್ಟೇಜ್ ಗಕ್ಕನೆ ಮೇಲಕ್ಕೆ ಚಿಮ್ಮುತ್ತದೆ, ಸಾಮಾನ್ಯ ಸಾಫ್ಟ್‌ವೇರ್ ಕಣ್ಣಿಗೆ ಅದು ಬೀಳುವುದೂ ಇಲ್ಲ.

ಹ್ಯಾಂಗ್ ಆಗಲಿಲ್ಲ ಎಂದ ಮಾತ್ರಕ್ಕೆ ಗಟ್ಟಿಯಾಯಿತು ಎಂದಲ್ಲ. ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು 'ವೀಯಾ ಲಾಗರ್' (WHEA-Logger, ಹಾರ್ಡ್‌ವೇರ್ ದೋಷದ ದಾಖಲೆ) ಎಚ್ಚರಿಕೆಗಳಿವೆಯೇ ನೋಡಿ. 19ನೇ ನಂಬರಿನದು ಒಂದೇ ಒಂದು ಇದ್ದರೂ ಪ್ರೊಸೆಸರ್ ತಪ್ಪು ಮಾಡಿ ತಿದ್ದಿಕೊಂಡಿದೆ ಎಂದರ್ಥ. 0.01 ವೋಲ್ಟ್ ಏರಿಸಿ ಮತ್ತೆ ಮೊದಲಿಂದ ಪರೀಕ್ಷಿಸಬೇಕು.

ಪರದೆಯೇ ಬರದಿದ್ದರೆ ಗಾಬರಿ ಬೇಡ. ಪವರ್ ಕೇಬಲ್ ಕಿತ್ತು, ಬೋರ್ಡಿನ ಸಿಆರ್2032 ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕಿದರೆ ಬಯೋಸ್ ಹಳೇ ಸ್ಥಿತಿಗೆ ಮರಳುತ್ತದೆ. ಫೋಟೊಗಳು ಉಪಯೋಗಕ್ಕೆ ಬರುವುದು ಆಗಲೇ.

ಬಾಕಿ

ಮಳೆಗಾಲದ ತೇವದಲ್ಲಿ ಕ್ಯಾಬಿನೆಟ್ಟನ್ನು ವಾರಗಟ್ಟಲೆ ಆಫ್ ಮಾಡಿಡದೆ ದಿನಕ್ಕೊಮ್ಮೆಯಾದರೂ ಓಡಿಸುವುದು, ಗುಡುಗು ಶುರುವಾದರೆ ಪ್ಲಗ್ ಕೀಳುವುದು. ಅಕ್ಟೋಬರಿನಲ್ಲಿ ರೆಕ್ಕೆಗಳನ್ನು ಬ್ರಷ್ ಮಾಡಿ, ಕೋಣೆಗೂ ಕೋರ್‌ಗೂ ಇರುವ 42 ಡಿಗ್ರಿ ಅಂತರ ಹಾಗೇ ಇದೆಯೇ ಅಳೆಯುವುದು. 47 ದಾಟಿದ್ದರೆ ಪೇಸ್ಟ್ ಬದಲಿಸುವುದು.