ಡ್ರಿಲ್ ಮೇಷ್ಟ್ರ ಟ್ರಂಕು

ನಮ್ಮ ಸ್ಕೂಲಿನ ಆಟದ ಸಾಮಾನಿನ ರೂಮಿನಲ್ಲಿ ಒಂದು ತಗಡಿನ ಟ್ರಂಕು ಇತ್ತು. ಒಳಗೆ ಗಾಳಿ ಹೋದ ಎರಡು ವಾಲಿಬಾಲು, ಒಂದು ಗುಂಡು, ಅದರ ಪಕ್ಕದಲ್ಲಿ ನಮ್ಮ ಬ್ಯಾಚಿನ 41 ಜನರ ಫೈಲುಗಳು. 2013ರಲ್ಲಿ ಎಸ್ಸೆಸ್ಸೆಲ್ಸಿ ಮಾಡಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಆ ರೂಮಿನ ಸುಣ್ಣದ ಪುಡಿ ವಾಸನೆ ಈಗ ಮೂಗಿಗೆ ಬಂದಿರುತ್ತದೆ, ಅಲ್ವಾ?

ಈ ಸಂಚಿಕೆಗೆ ಮೇಷ್ಟ್ರ ನೆನಪು ಬರೀರಿ ಅಂದಾಗ ಪಾಠ ಮಾಡಿದ ಮೇಷ್ಟ್ರ ಬಗ್ಗೆಯೇ ಬರೆಯಬೇಕು ಅಂತ ಕೂತೆ. ನೆನಪಿಗೆ ಬಂದಿದ್ದು ಮಾತ್ರ ಪಾಠವನ್ನೇ ಮಾಡದ ಡ್ರಿಲ್ ಮೇಷ್ಟ್ರು. ಹೆಸರು ಹಾಕಬೇಡ ಅಂತ ಫೋನಿನಲ್ಲೇ ಗದರಿಸಿದ್ದಾರೆ. ಹಾಕಿಲ್ಲ ಸಾರ್.

ನಮ್ಮದು ಶಿಡ್ಲಘಟ್ಟ ತಾಲ್ಲೂಕು. ಒಂದೆಕರೆ ಹಿಪ್ಪುನೇರಳೆ, ವರ್ಷಕ್ಕೆ ನಾಲ್ಕೈದು ಬೆಳೆ. ರೇಷ್ಮೆ ಹುಳು ಇಲ್ಲದ ದಿನ ಅಮ್ಮ ಪೇಟೆಯಲ್ಲಿ ನೂಲು ತೆಗೆಯಲು ಕೂಲಿಗೆ ಹೋಗುತ್ತಿದ್ದಳು. ಮನೆಯಲ್ಲಿ ಯಾರೂ ಹತ್ತನೇ ಕ್ಲಾಸು ದಾಟಿರಲಿಲ್ಲ. ನಿಜ ಹೇಳಬೇಕಂದರೆ ಹತ್ತರ ಹತ್ತಿರವೂ ಹೋಗಿರಲಿಲ್ಲ. ಕಾಲೇಜು ಅಂದರೆ ಅಪ್ಪನಿಗೆ ಬಸ್‌ಸ್ಟ್ಯಾಂಡ್ ಹಿಂದಿನ ಕಾಂಪೌಂಡು, ಅಷ್ಟೇ. ಓದು ಬೇಡ ಅಂತ ಅವರು ಒಂದು ದಿನವೂ ಹೇಳಿಲ್ಲ. ಆದರೆ ಯಾವ ಕಿಟಕಿಯ ಮುಂದೆ ನಿಲ್ಲಬೇಕು, ಯಾವ ಕಾಗದ ಯಾವಾಗ ಕೊಡಬೇಕು ಅಂತ ಹೇಳಿಕೊಡುವವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಡ್ರಿಲ್ ಮೇಷ್ಟ್ರಿಗೆ ಅದು ಗೊತ್ತಿತ್ತು. ಆಟಗಾರರ ಸರ್ಟಿಫಿಕೇಟಿಗೆ ಅಂತ ಅಲ್ಲಿ ಇಲ್ಲಿ ಅಲೆದು ತಾಲ್ಲೂಕಿನ ಅರ್ಧ ಗುಮಾಸ್ತರ ಪರಿಚಯ ಮಾಡಿಕೊಂಡಿದ್ದರು.

ಎಂಟನೇ ಕ್ಲಾಸಿನಲ್ಲಿ ಎನ್ಎಂಎಂಎಸ್ ಅನ್ನುವ ಸ್ಕಾಲರ್‌ಶಿಪ್ ಪರೀಕ್ಷೆಗೆ ಕೂರಿಸಿದ್ದು ಅವರೇ. ಪಾಸಾದರೆ ಆಗ ತಿಂಗಳಿಗೆ 500 ರೂಪಾಯಿ, ಒಂಬತ್ತರಿಂದ ಸೆಕೆಂಡ್ ಪಿಯುಸಿವರೆಗೆ. ನಾಲ್ಕು ವರ್ಷಕ್ಕೆ 24,000. ಅಷ್ಟು ದುಡ್ಡು ಒಂದೇ ಬೆಳೆಗೆ ಅಪ್ಪನ ಕೈಗೆ ಬಂದಿದ್ದೂ ಇದೆ, ಆದರೆ ಅದು ಮನೆ ಸೇರುವ ಮೊದಲೇ ಮೊಟ್ಟೆ ಸಾಲ, ಗೊಬ್ಬರದ ಸಾಲ, ಅಂಗಡಿ ಸಾಲ ಅಂತ ಕರಗಿ ಹೋಗುತ್ತಿತ್ತು. ಇದು ನನ್ನ ಹೆಸರಿನ ಪಾಸ್‌ಬುಕ್ಕಿನಲ್ಲಿ ಕೂತಿತ್ತು. ಅಪ್ಪ ಅದನ್ನು ದೇವರ ಪಟದ ಹಿಂದೆ ಇಟ್ಟಿದ್ದರು.

ಹತ್ತನೇ ಕ್ಲಾಸಿನ ಪ್ರಿಪರೇಟರಿ ಪರೀಕ್ಷೆ ಬಂದಾಗ ನಮ್ಮ ಹುಳು ನಾಲ್ಕನೇ ಜ್ವರ ಎದ್ದಿತ್ತು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟಿತ್ತು. ಹುಳು ಸಾಕಿದವರಿಗೆ ಗೊತ್ತು, ಆಮೇಲಿನ ಒಂದು ವಾರ ಅವು ತಿನ್ನುವುದನ್ನು ನೋಡಿದರೆ ತೋಟವೇ ಖಾಲಿಯಾಗುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಸೊಪ್ಪು ಹಾಕಬೇಕು. ಸಾವಿರಾರು ಹುಳು ಒಟ್ಟಿಗೆ ಮೇಯುವಾಗ ಹೆಂಚಿನ ಮೇಲೆ ಮಳೆ ಬಿದ್ದ ಹಾಗೆ ಸದ್ದು. ಆ ಸದ್ದಿನಲ್ಲೇ ನಾನು ಗಣಿತದ ಸೂತ್ರ ಬಾಯಿಪಾಠ ಮಾಡಿದ್ದು. ಗಣಿತ ಪರೀಕ್ಷೆಯಲ್ಲಿ ನಿದ್ದೆ ಹೋದೆ. ಡ್ರಿಲ್ ಮೇಷ್ಟ್ರು ಬೈಯಲಿಲ್ಲ. "ಹಣ್ಣಾಗೋದು ಯಾವತ್ತು?" ಅಂತ ಕೇಳಿದರು. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಂಕಿ ತಟ್ಟೆ ಹತ್ತುವ ದಿನವನ್ನು ಡೈರಿಯಲ್ಲಿ ಬರೆದುಕೊಂಡು, ಅದರ ಮಾರನೇ ದಿನ ಅಪ್ಪನನ್ನು ನಾಡಕಚೇರಿಗೆ ಕರೆಸಿದರು.

ಅಲ್ಲೇ ನಮ್ಮಪ್ಪ ಮೂರು ಜನ ಅಂತ ಗೊತ್ತಾಗಿದ್ದು. ಸ್ಕೂಲಿನ ದಾಖಲೆಯಲ್ಲಿ ಹೆಸರಿನ ಕೊನೆಗೆ ಅಪ್ಪ ಇತ್ತು, ರೇಷನ್ ಕಾರ್ಡಿನಲ್ಲಿ ಇರಲಿಲ್ಲ, ಪಹಣಿಯಲ್ಲಿ ಮುಂದೆ ಒಂದು ಮುನಿ ಸೇರಿಕೊಂಡಿತ್ತು. ಜಾತಿ-ಆದಾಯ ಪತ್ರ ಒಂದು ಹೆಸರಿಗೆ ಬಂದು ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ಹಾಸ್ಟೆಲೂ ಇಲ್ಲ, ಸ್ಕಾಲರ್‌ಶಿಪ್ಪೂ ಇಲ್ಲ. ಅದಕ್ಕೇ ಮೇಷ್ಟ್ರು ರಿಸಲ್ಟಿಗೆ ಕಾಯುತ್ತಿರಲಿಲ್ಲ. ಮೇ ತಿಂಗಳಲ್ಲಿ ರಿಸಲ್ಟ್ ಬಂದ ಮೇಲೆ ಅಡ್ಮಿಷನ್ನಿಗೆ ಸಿಗುವುದು ಕೆಲವೇ ದಿನ. ಅಷ್ಟರಲ್ಲಿ ಗ್ರಾಮ ಲೆಕ್ಕಿಗರ ಹತ್ತಿರ ಒಂದು ಸಲ, ರೆವಿನ್ಯೂ ಇನ್‌ಸ್ಪೆಕ್ಟರ್ ಹತ್ತಿರ ಒಂದು ಸಲ ಓಡಾಡಲು ಕೂಲಿ ಬಿಟ್ಟು ಬರುವವರು ಯಾರು? ಫೆಬ್ರವರಿಯಲ್ಲೇ ಎಲ್ಲರ ಪತ್ರ ಟ್ರಂಕಿನೊಳಗೆ. ಪಾಸಾಗುವ ಗ್ಯಾರಂಟಿ ಇಲ್ಲದವರದ್ದೂ.

ಒಮ್ಮೆ ಯಾವುದೋ ಸಮಾರಂಭಕ್ಕೆ ಬಂದ ಅತಿಥಿಗಳು ಎಚ್. ನರಸಿಂಹಯ್ಯನವರ ಕಥೆ ಹೇಳಿದರು. ಗೌರಿಬಿದನೂರು ಪಕ್ಕದ ಹೊಸೂರಿನ ಬಡ ಹುಡುಗ, ಬೆಂಗಳೂರಿಗೆ ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲು ಸೇರಿ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು ಅಂತ. ನಮ್ಮದೇ ಜಿಲ್ಲೆಯವರು, ನಮಗೆಲ್ಲ ಮೈ ಜುಮ್ಮೆಂದಿತು. ಡ್ರಿಲ್ ಮೇಷ್ಟ್ರು ಆಮೇಲೆ ಗ್ರೌಂಡಿನಲ್ಲಿ ಹೇಳಿದ್ದು ಬೇರೆ. "ಎಚ್ಚೆನ್ ನಡ್ಕೊಂಡು ಹೋದ್ರು, ಸರಿ. ನೀವು ನಡೀಬೇಡಿ. ಬಸ್ ಪಾಸ್ ಫಾರ್ಮಿಗೆ ಎರಡು ಫೋಟೋ ತನ್ನಿ."

ನನಗೆ 625ಕ್ಕೆ 538 ಬಂತು. ಸೈನ್ಸ್ ತಗೊಂಡೆ, ಹಿಂದುಳಿದ ವರ್ಗದವರ ಬಿಸಿಎಂ ಹಾಸ್ಟೆಲಿಗೆ ಅರ್ಜಿ ಹಾಕಿದೆ. ಹಾಸ್ಟೆಲಿನ ಮುಚ್ಚಳಿಕೆ ಪತ್ರಕ್ಕೆ ಅಮ್ಮ ಹೆಬ್ಬೆಟ್ಟು ಒತ್ತಿದಳು. ಬರೀ ನೀಲಿ ಮಚ್ಚೆ. ಒಂದು ಗೆರೆಯೂ ಮೂಡಲಿಲ್ಲ. ಗುಮಾಸ್ತರು ಇನ್ನೊಂದು ಸಲ ಒತ್ತಿಸಿದರು, ಎಡಗೈ ಒತ್ತಿಸಿದರು, ಅದೇ ಕಥೆ. ಕುದಿಯುವ ನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳಿನ ಗೆರೆಯೆಲ್ಲ ಸವೆದು ಹೋಗಿತ್ತು. ಅಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನಮ್ಮ ಜೊತೆ ಬಂದಿದ್ದ ಮೇಷ್ಟ್ರು ಪಕ್ಕದಲ್ಲಿ ಸಾಕ್ಷಿ ಅಂತ ಸಹಿ ಹಾಕಿ, ಪೆನ್ನಿನ ಕ್ಯಾಪು ಹಾಕುತ್ತಾ "ರೇಷ್ಮೆ ಕೆಲಸ ಸಾರ್, ಹೀಗೇ ಇರುತ್ತೆ" ಅಂದರು. ನಮ್ಮ ಕ್ಲಾಸಿನ ಒಬ್ಬ ಹುಡುಗನಿಗೆ ಹಾಸ್ಟೆಲ್ ಸೀಟು ಸಿಗಲಿಲ್ಲ. ಅವನಿಗೆ ಆಗ ತಾನೇ ಶುರುವಾಗಿದ್ದ ವಿದ್ಯಾಸಿರಿ ಸಹಾಯಧನ ಕೊಡಿಸಿದರು, ತಿಂಗಳಿಗೆ 1500ರಂತೆ ಹತ್ತು ತಿಂಗಳು.

ಪಿಯುಸಿ ಮೊದಲ ಟೆಸ್ಟಿನಲ್ಲಿ ಫಿಸಿಕ್ಸಿನಲ್ಲಿ 50ಕ್ಕೆ 7. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ಅಲ್ಲಿ ಎಲ್ಲಾ ಇಂಗ್ಲಿಷ್. ವೇಗೋತ್ಕರ್ಷವೇ ಆಕ್ಸಿಲರೇಷನ್ ಅಂತ ಗೊತ್ತಾಗಲು ನನಗೆ ಒಂದೂವರೆ ತಿಂಗಳು ಬೇಕಾಯಿತು. "ಕನ್ನಡ ಮೀಡಿಯಮ್ಮಿನವರು ಆರ್ಟ್ಸ್ ತಗೋಬೇಕಿತ್ತು" ಅಂತ ಅಲ್ಲೊಬ್ಬರು ಕ್ಲಾಸಿನಲ್ಲೇ ಅಂದಿದ್ದು ಇವತ್ತಿಗೂ ಉರಿಯುತ್ತದೆ. ಬಿಟ್ಟುಬಿಡ್ತೀನಿ ಅಂತ ಸ್ಕೂಲಿಗೆ ಬಂದು ಅತ್ತೆ. ಮೇಷ್ಟ್ರಿಗೆ ಫಿಸಿಕ್ಸು ಬರುತ್ತಿರಲಿಲ್ಲ, ಸಮಾಧಾನ ಹೇಳಲೂ ಬರುತ್ತಿರಲಿಲ್ಲ. ನನ್ನ ಹಳೇ ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕವನ್ನೂ ಇಂಗ್ಲಿಷ್ ಮೀಡಿಯಮ್ಮಿನ ಅದೇ ಪುಸ್ತಕವನ್ನೂ ಎಲ್ಲಿಂದಲೋ ತಂದು ಎರಡನ್ನೂ ಪಕ್ಕಪಕ್ಕ ಇಟ್ಟು "ಓದು" ಅಂದರು. ಪುಟಕ್ಕೆ ಪುಟ ಸರಿ ಹೊಂದುತ್ತಿತ್ತು. ಅದೇ ನನ್ನ ಡಿಕ್ಷನರಿ.

2015ರ ಸಿಇಟಿಗೆ ಮತ್ತೆ ಟ್ರಂಕು ತೆಗೆದರು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ 15 ಪರ್ಸೆಂಟ್, ಕನ್ನಡ ಮಾಧ್ಯಮದವರಿಗೆ 5. ನನ್ನನ್ನು ಕ್ಲಾಸಿನಲ್ಲಿ ತಲೆ ತಗ್ಗಿಸುವ ಹಾಗೆ ಮಾಡಿದ ಅದೇ ಕನ್ನಡ ಮೀಡಿಯಂ ಇಲ್ಲಿ ಲೆಕ್ಕಕ್ಕೆ ಬಂತು! ಆ ವ್ಯಾಸಂಗ ಪತ್ರಕ್ಕೆ ಬಿಇಒ ಸಹಿಯೂ ಬೇಕು. ಬರೆಯುತ್ತಿದ್ದ ಆರು ಜನರದ್ದನ್ನೂ ಅವರೇ ಒಯ್ದು ಮಾಡಿಸಿಕೊಂಡು ಬಂದರು. ಕೃಷಿಕರ ಮಕ್ಕಳ ಕೋಟಾಕ್ಕೆ ಬೇರೆ ಪ್ರಾಕ್ಟಿಕಲ್ ಪರೀಕ್ಷೆ ಇರುತ್ತದೆ ಅಂತ ಹೇಳಿದ್ದೂ ಅವರೇ. ಬೀಜ, ಗೊಬ್ಬರ, ಹತ್ಯಾರು ನೋಡಿ ಗುರುತಿಸಬೇಕು. ಜೀವನದಲ್ಲಿ ಓದದೇ ಬರೆದ ಪರೀಕ್ಷೆ ಅದೊಂದೇ. ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಹುಳು ಜ್ವರಕ್ಕೆ ಕೂರುವುದು ಅಂದರೆ ಪೊರೆ ಬಿಡುವುದು, ಅದಕ್ಕೆ ಮೋಲ್ಟಿಂಗ್ ಅನ್ನುತ್ತಾರೆ ಅಂತ ಅಲ್ಲಿ ಹೇಳಿಕೊಟ್ಟಾಗ ನಗು ಬಂತು. ಈಗ ರೈತರ ಮನೆಗೆ ಹೋಗಿ ಹುಳು ನೋಡುವುದೇ ನನ್ನ ಕೆಲಸ.

ಇನ್ನೊಂದು ಫೈಲಿನ ವಿಷಯ ಬರೆಯದೆ ಇದ್ದರೆ ಸುಳ್ಳಾಗುತ್ತದೆ. ನನ್ನ ಬೆಂಚಿನಲ್ಲೇ ಕೂರುತ್ತಿದ್ದವಳಿಗೆ 561 ಬಂದಿತ್ತು, ನನಗಿಂತ 23 ಜಾಸ್ತಿ. ಅವಳ ಕಾಗದವೂ ಪೂರ್ತಿ ಇತ್ತು. ಆದರೆ ಅವಳಪ್ಪ ನೂಲು ತೆಗೆಸುವವರೊಬ್ಬರ ಹತ್ತಿರ ಮುಂಗಡ ತಗೊಂಡಿದ್ದರು, ತೀರುವವರೆಗೆ ಇವಳೂ ನೂಲು ತೆಗೆಯುವ ಬೇಸಿನ್ನಿಗೆ ಕೂರಬೇಕಿತ್ತು. ಮೇಷ್ಟ್ರು ಅವರ ಮನೆಗೆ ಮೂರು ಸಲ ಹೋದರು. ಮೂರನೇ ಸಲ ಬಾಗಿಲು ತೆಗೆಯಲಿಲ್ಲವಂತೆ.

ಹೋದ ವರ್ಷ ಮೇಷ್ಟ್ರು ರಿಟೈರ್ ಆಗುವಾಗ ಟ್ರಂಕು ಖಾಲಿ ಮಾಡಲು ನನ್ನನ್ನು ಕರೆದರು. ಅಡಿಯಲ್ಲಿ ಅವಳ ಫೈಲು ಇತ್ತು, ಗೆದ್ದಲು ಒಂದು ಮೂಲೆ ತಿಂದಿತ್ತು. ಕೊಟ್ಟು ಬರಲು ಹೋದೆ. ಅವಳು ಒದ್ದೆ ಕೈ ಒರೆಸಿಕೊಂಡು ತನ್ನ ಹಳೇ ಫೋಟೋವನ್ನು ಸ್ವಲ್ಪ ಹೊತ್ತು ನೋಡಿದಳು. ಎರಡು ಜಡೆ, ರಿಬ್ಬನ್ನು. ಆಮೇಲೆ ಆದಾಯ ಪತ್ರ ತೆಗೆದು ತಾರೀಖು ನೋಡಿದಳು.

"ಇದು ಐದು ವರ್ಷಕ್ಕೆ ಮಾತ್ರ ಅಲ್ವಾ? ಮಗಳು ಮೂರನೇ ಕ್ಲಾಸು. ಅವಳಿಗೆ ಮಾಡಿಸೋಕೆ ಏನೇನು ಬೇಕು?"

"ರೇಷನ್ ಕಾರ್ಡ್ ತಗೊಂಡು ಬಾ" ಅಂದೆ, "ಮೊದಲು ಹೆಸರು ನೋಡೋಣ."