ಜಡೆ ಹೆಣಿಗೆಯ ತಲೆಪಟ್ಟಿ: ಸಾಲು 1ರಿಂದ 136ರವರೆಗೆ

ಕಡ್ಡಿ ಹಿಡಿಯುವ ಮೊದಲು

ಈ ಸಲದ ಚಳಿಗೆ ಟೋಪಿ ಬೇಡ, ಕಿವಿ ಮುಚ್ಚುವ ಪಟ್ಟಿ ಬೇಕು ಅಂತ ಅಕ್ಕನ ಮಗಳ ಬೇಡಿಕೆ. ಟೋಪಿ ಹಾಕಿದರೆ ಜುಟ್ಟು ಚಪ್ಪಟೆಯಾಗುತ್ತದಂತೆ. ಅದೂ ನಿಜವೇ. ಎರಡನೇ ಷರತ್ತು ಚೆಂದದ್ದು. ಕಿವಿನೋವಿಗೆ ಕಟ್ಟಿಕೊಂಡ ಬಟ್ಟೆಯ ಹಾಗೆ ಕಾಣಬಾರದಂತೆ!

ಹಾಗಾಗಿ ಪಟ್ಟಿಯ ನಡುವೆ ಉದ್ದಕ್ಕೂ ಮೂರೆಳೆ ಜಡೆ ಹೆಣೆಯುವುದು ಅಂತ ತೀರ್ಮಾನಿಸಿದೆ. ಎರಡು ಅಂಚಿನಲ್ಲೂ ಗಾರ್ಟರ್, ಅಂದರೆ ಎಲ್ಲ ಸಾಲೂ ಸೀದಾ ಹೆಣಿಗೆ. ಜಡೆಗೂ ಅಂಚಿಗೂ ನಡುವೆ ಎರಡೆರಡು ಉಲ್ಟಾ ಹೊಲಿಗೆ. ಅವು ಒಳಕ್ಕೆ ಕುಗ್ಗಿ ಕೂತರೇನೇ ಜಡೆ ಎದ್ದು ಕಾಣುವುದು.

ತಲೆಪಟ್ಟಿಯನ್ನು ಎರಡು ರೀತಿ ಹೆಣೆಯಬಹುದು. ದುಂಡು ಕಡ್ಡಿಯಲ್ಲಿ ಸುತ್ತು ಸುತ್ತಾಗಿ ಹೆಣೆಯುವುದು ಒಂದು. ಉದ್ದನೆ ಪಟ್ಟಿ ಹೆಣೆದು ಕೊನೆಗೆ ಎರಡು ತುದಿ ಸೇರಿಸುವುದು ಇನ್ನೊಂದು. ಸುತ್ತಿನಲ್ಲಿ ಹೆಣೆದರೆ ಜಡೆ ನೆಟ್ಟಗೆ ನಿಲ್ಲುತ್ತದೆ. 10 ಸೆಂ.ಮೀ. ಅಗಲದಲ್ಲಿ ಅದು ಶುರುವಾಗುವಷ್ಟರಲ್ಲೇ ಮುಗಿದುಹೋಗುತ್ತದೆ. ನನಗೆ ಜಡೆ ತಲೆಯ ಸುತ್ತ ಹೋಗಬೇಕು. ಆದ್ದರಿಂದ ಪಟ್ಟಿಯೇ ಸರಿ.

ಆದರೆ ಪಟ್ಟಿ ಆರಿಸಿದ ಕೂಡಲೇ ಅಳತೆಯ ಲೆಕ್ಕ ಬದಲಾಗುತ್ತದೆ. ಹೆಣೆದ ಬಟ್ಟೆ ಅಡ್ಡಕ್ಕೆ ಹಿಗ್ಗುವಷ್ಟು ಉದ್ದಕ್ಕೆ ಹಿಗ್ಗುವುದಿಲ್ಲ. ಅಡ್ಡಕ್ಕೆ ಎಳೆದಾಗ ಪ್ರತಿ ಹೊಲಿಗೆಯ ಎರಡು ಕಾಲುಗಳ ದಾರವೂ ಜಾರಿ ಅಡ್ಡಕ್ಕೆ ಬರುತ್ತದೆ. ಉದ್ದಕ್ಕೆ ಎಳೆದಾಗ ಹಾಗೆ ಜಾರಿ ಬರಲು ದಾರ ಕಡಿಮೆ. ಸುತ್ತಿನ ಹೆಣಿಗೆಯಲ್ಲಿ ತಲೆಯ ಸುತ್ತಳತೆ ಹಿಗ್ಗುವ ದಿಕ್ಕಿಗೇ ಬೀಳುತ್ತದೆ. ಅಲ್ಲಿ ತಲೆಗಿಂತ 5ರಿಂದ 8 ಸೆಂ.ಮೀ. ಚಿಕ್ಕದಾಗಿ ಹೆಣೆದರೂ ನಡೆಯುತ್ತದೆ. ಪಟ್ಟಿಯಲ್ಲಿ ಅಷ್ಟು ಕಡಿಮೆ ಮಾಡಿದರೆ ಸಂಜೆಯ ಹೊತ್ತಿಗೆ ತಲೆನೋವು ಗ್ಯಾರಂಟಿ. ಇವಳ ತಲೆ 56 ಸೆಂ.ಮೀ. (ಟೇಪನ್ನು ಹಣೆ, ಕಿವಿಯ ಮೇಲೆ, ಕತ್ತಿನ ಹಿಂದೆ ಹೀಗೆ ಸುತ್ತಿ ಅಳೆದದ್ದು.) ನಾನು 4 ಸೆಂ.ಮೀ. ಮಾತ್ರ ಕಳೆದೆ. 52ಕ್ಕೆ ನಿಂತಿತು.

ಅಂಚಿಗೆ ಗಾರ್ಟರ್ ಆರಿಸಿದ್ದಕ್ಕೂ ಇದೇ ಕಾರಣ. ಉದ್ದಕ್ಕೆ ಚೆನ್ನಾಗಿ ಹಿಗ್ಗುವ ಹೆಣಿಗೆ ಅದೇ. ಜೊತೆಗೆ ಅದು ಸುರುಳಿ ಸುತ್ತುವುದಿಲ್ಲ. ಬರೀ ಸ್ಟಾಕಿನೆಟ್ (ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ) ಅಂಚು ಇಟ್ಟರೆ ಪಟ್ಟಿ ಮಡಿಸಿಕೊಂಡು ಕೊಳವೆಯಾಗುತ್ತದೆ, ಕಿವಿ ಹೊರಗೇ ಉಳಿಯುತ್ತದೆ.

ನೂಲು

ವರ್ಸ್ಟೆಡ್, ಅಂದರೆ ಮಧ್ಯಮ ದಪ್ಪದ ಮೆರಿನೊ ಉಣ್ಣೆ, 50 ಗ್ರಾಂ ಉಂಡೆ, ಸುಮಾರು 100 ಮೀಟರ್. ಕಡ್ಡಿ 4.5 ಮಿ.ಮೀ. ಈ ನೂಲಿನ ಚೀಟಿಯಲ್ಲಿ 5 ಮಿ.ಮೀ. ಅಂತ ಇದೆ. ಕಿವಿಗೆ ಗಾಳಿ ನುಗ್ಗಬಾರದು ಅಂತ ನಾನು ಒಂದು ಸೈಜು ಇಳಿಸಿದೆ, ಹೆಣಿಗೆ ಒತ್ತಾಗಿ ಬರಲಿ ಅಂತ.

ಮೆರಿನೊ ಯಾಕೆ ಅಂದರೆ ಹಣೆ. ಕೈಗೆ ಮೆತ್ತಗೆ ಅನ್ನಿಸುವ ಉಣ್ಣೆ ಹಣೆಗೆ ತಾಗಿದ ಕೂಡಲೇ ಚುಚ್ಚಬಹುದು. ಚುಚ್ಚುವುದು ದಪ್ಪ ಎಳೆಗಳ ತುದಿ, ಹೆಚ್ಚುಕಡಿಮೆ 30 ಮೈಕ್ರಾನ್ ದಾಟಿದವು. ಮೆರಿನೊ ಎಳೆ ಸಾಮಾನ್ಯವಾಗಿ 24 ಮೈಕ್ರಾನ್‌ಗಿಂತ ತೆಳ್ಳಗಿರುತ್ತದೆ. ಒತ್ತಿದರೆ ಬಗ್ಗುತ್ತದೆ, ಚರ್ಮಕ್ಕೆ ನಾಟುವುದಿಲ್ಲ. ಕೊಳ್ಳುವ ಮೊದಲು ಉಂಡೆಯನ್ನು ಕತ್ತಿಗೆ ಒತ್ತಿ ಹಿಡಿದು ನೋಡಿ. ಬೆರಳ ತುದಿಯನ್ನು ನಂಬಬೇಡಿ.

ಅಕ್ರಿಲಿಕ್ ಹಗುರ, ತೊಳೆಯಲು ಸುಲಭ, ಒಪ್ಪುತ್ತೇನೆ. ಆದರೆ ಪಟ್ಟಿಯೊಳಗೆ ಬೆವರು ಬರುತ್ತದೆ ಅಲ್ವಾ? ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾದಷ್ಟು ತೇವ ಹೀರಿಕೊಂಡರೂ ಒದ್ದೆ ಅನ್ನಿಸುವುದಿಲ್ಲ. ಅಕ್ರಿಲಿಕ್ ಹೀರುವುದು ತೀರಾ ಕಡಿಮೆ. ಓಡಿ ಬಂದು ನಿಂತಾಗ ಹಣೆಯ ಮೇಲೆ ತಣ್ಣಗೆ ಅಂಟಿಕೊಳ್ಳುತ್ತದೆ.

ಸೂಪರ್‌ವಾಶ್ ಉಣ್ಣೆಯನ್ನು ಬೇಕೆಂದೇ ಬಿಟ್ಟೆ. ಮಷೀನಿಗೆ ಹಾಕಬಹುದು ಅನ್ನುವುದು ದೊಡ್ಡ ಅನುಕೂಲ. ಆದರೆ ಅದರ ಎಳೆಯ ಮೇಲಿನ ಹುರುಪೆಯನ್ನು ಮೊದಲೇ ನುಣುಪು ಮಾಡಿರುತ್ತಾರೆ, ಒಂದಕ್ಕೊಂದು ಕಚ್ಚುವುದಿಲ್ಲ. ನೀರು ಬಿದ್ದರೆ ಹೆಣಿಗೆ ಸಡಿಲವಾಗಿ ಉದ್ದ ಬೆಳೆಯುತ್ತದೆ. ಸ್ವೆಟರ್‌ನಲ್ಲಿ ಒಂದೆರಡು ಸೆಂ.ಮೀ. ಹೇಗೋ ಹೊಂದಿಕೊಳ್ಳುತ್ತದೆ. ತಲೆಪಟ್ಟಿಯಲ್ಲಿ ಅಷ್ಟೇ ಸಾಕು, ಕುತ್ತಿಗೆಗೆ ಜಾರಿ ಬೀಳಲು.

ಬಣ್ಣ ಕೆನೆ. ಕಡು ಹಸಿರಿನ ಮೇಲೆ ನನಗೆ ಕಣ್ಣಿತ್ತು. ಆದರೆ ಜಡೆ ಕಾಣುವುದು ನೆರಳಿನಿಂದ. ಕಡು ಬಣ್ಣದಲ್ಲಿ ನೆರಳೇ ಕಾಣುವುದಿಲ್ಲ, ಪಟ್ಟ ಶ್ರಮವೆಲ್ಲ ಸುಮ್ನೆ.

ಮಾದರಿ ತುಂಡು ತೊಳೆದು ಒಣಗಿದ ಮೇಲೆ

ಬರೀ ಸ್ಟಾಕಿನೆಟ್‌ನಲ್ಲಿ 10 ಸೆಂ.ಮೀ.ಗೆ 18 ಹೊಲಿಗೆ. ಆ ಲೆಕ್ಕ ಹಿಡಿದರೆ 21 ಹೊಲಿಗೆಯ ಪಟ್ಟಿ 11.7 ಸೆಂ.ಮೀ. ಅಗಲ ಬರಬೇಕು. ಜಡೆ ಹಾಕಿ ಹೆಣೆದ ತುಂಡು ಬಂದದ್ದು 10 ಸೆಂ.ಮೀ. ಹೊಲಿಗೆಗಳು ಒಂದರ ಮೇಲೊಂದು ಹತ್ತಿ ಕೂತಾಗ ಅಗಲ ಕುಗ್ಗಲೇಬೇಕು. ಅದಕ್ಕೇ ಮಾದರಿ ತುಂಡನ್ನು ಜಡೆ ಸಮೇತ ಹೆಣೆಯಬೇಕು. ಸಾದಾ ತುಂಡಿನ ಅಳತೆ ಇಲ್ಲಿ ಯಾವ ಕೆಲಸಕ್ಕೂ ಬಾರದು.

ಉದ್ದಕ್ಕೆ 10 ಸೆಂ.ಮೀ.ಗೆ 26 ಸಾಲು. ನನ್ನ ಜಡೆ 8 ಸಾಲಿಗೊಮ್ಮೆ ಮರುಕಳಿಸುತ್ತದೆ. 17 ಸಲ ಹೆಣೆದರೆ 136 ಸಾಲು, ಅಂದರೆ 52 ಸೆಂ.ಮೀ.ಗೆ ಕೂದಲೆಳೆಯಷ್ಟು ಹೆಚ್ಚು. ಲೆಕ್ಕ ಇಷ್ಟು ಸರಿಯಾಗಿ ಕೂಡಿಬರುವುದು ಅಪರೂಪ, ಖುಷಿಯಾಯಿತು.

ಸಾಲು 24

ಕತ್ತಿನ ಹಿಂದಿನಿಂದ ಶುರು ಮಾಡಿದೆ. ಅಲ್ಲಿ 10 ಸೆಂ.ಮೀ. ಅಗಲ ಬೇಕಿಲ್ಲ. ಅಗಲವಿದ್ದರೆ ಕೋಟಿನ ಕಾಲರ್ ಅದನ್ನು ಮೇಲಕ್ಕೆ ತಳ್ಳುತ್ತದೆ, ಜುಟ್ಟಿಗೂ ಅಡ್ಡ. ಅದಕ್ಕೆ 15 ಹೊಲಿಗೆಯಿಂದ ಆರಂಭ: ಅಂಚು 1, ಉಲ್ಟಾ 2, ಜಡೆ 9, ಉಲ್ಟಾ 2, ಅಂಚು 1. ಪ್ರತಿ 8 ಸಾಲು ಮುಗಿದ ಮೇಲೆ ಬರುವ ಮೊದಲ ಸಾಲಿನಲ್ಲಿ ಎರಡೂ ಕಡೆ ಒಂದೊಂದು ಹೊಲಿಗೆ ಏರಿಸುತ್ತಾ ಹೋಗುವುದು, ಮೂರು ಸಲ. ಏರಿಸಲು ಅಂಚಿಗೂ ಉಲ್ಟಾ ಹೊಲಿಗೆಗೂ ನಡುವಿನ ಅಡ್ಡ ಎಳೆ ಎತ್ತಿ, ತಿರುಚಿ ಹೆಣೆಯುತ್ತೇನೆ. ತಿರುಚದೆ ಹೆಣೆದರೆ ಅಲ್ಲಿ ತೂತು ಬೀಳುತ್ತದೆ.

25ನೇ ಸಾಲಿಗೆ ಅಂಚು ಎರಡೂ ಕಡೆ 4 ಆಗಿ ಒಟ್ಟು 21 ಆಗುತ್ತದೆ. ಅಲ್ಲಿಗೆ ಉದ್ದ 9 ಸೆಂ.ಮೀ. ದಾಟಿರುತ್ತದೆ. ಕಿವಿ ಬರುವುದು ಹಿಂಬದಿಯ ನಡುವಿನಿಂದ ಸುಮಾರು 13 ಸೆಂ.ಮೀ. ದೂರದಲ್ಲಿ. ಹಾಗಾಗಿ ಕಿವಿ ತಲುಪುವ ಮೊದಲೇ ಪೂರ್ತಿ ಅಗಲ ಸಿಗುತ್ತದೆ.

ಜಡೆಯ ವಿಧಾನ ಬರೆದಿಡುತ್ತೇನೆ, ನನಗೂ ಆಮೇಲೆ ಬೇಕಾಗುತ್ತದೆ. ಒಂಬತ್ತು ಹೊಲಿಗೆ, ಮೂರು ಎಳೆ, ಎಳೆಗೆ ಮೂರು. 3ನೇ ಸಾಲಿನಲ್ಲಿ ಮೊದಲ ಮೂರನ್ನು ಕೇಬಲ್ ಕಡ್ಡಿಗೆ (ಹೊಲಿಗೆಗಳನ್ನು ಸ್ವಲ್ಪ ಹೊತ್ತು ಹಿಡಿದಿಡುವ ಪುಟ್ಟ ಕಡ್ಡಿ) ತೆಗೆದು ಹಿಂದೆ ಹಿಡಿಯಿರಿ. ಮುಂದಿನ ಮೂರು ಹೆಣೆದು, ಹಿಂದೆ ಹಿಡಿದ ಮೂರನ್ನೂ ಹೆಣೆಯಿರಿ. ಉಳಿದ ಮೂರು ಸೀದಾ. 7ನೇ ಸಾಲಿನಲ್ಲಿ ಮೊದಲ ಮೂರು ಸೀದಾ. ನಂತರದ ಮೂರನ್ನು ಕೇಬಲ್ ಕಡ್ಡಿಗೆ ತೆಗೆದು ಮುಂದೆ ಹಿಡಿದು, ಕೊನೆಯ ಮೂರು ಹೆಣೆದು, ಮುಂದೆ ಹಿಡಿದ ಮೂರನ್ನು ಹೆಣೆಯಿರಿ. ಒಂದು ಸಲ ಹಿಂದೆ, ಒಂದು ಸಲ ಮುಂದೆ, ಇಷ್ಟೇ ಗುಟ್ಟು. ಎರಡು ಸಲವೂ ಒಂದೇ ಕಡೆ ಹಿಡಿದರೆ ಜಡೆ ಆಗುವುದಿಲ್ಲ, ಓರೆಯಾಗಿ ಒಂದೇ ದಿಕ್ಕಿಗೆ ಓಡುವ ಗೆರೆಗಳಾಗುತ್ತವೆ. ಮಿಕ್ಕ ಸಾಲುಗಳಲ್ಲಿ ಜಡೆಯ ಹೊಲಿಗೆಗಳನ್ನು ಕಂಡ ಹಾಗೆ, ಸೀದಾ ಕಂಡರೆ ಸೀದಾ, ಉಲ್ಟಾ ಕಂಡರೆ ಉಲ್ಟಾ, ಹೆಣೆದರಾಯಿತು.

ಸಾಲು 68, ನಡು ಹಣೆ

ಉಂಡೆ ತೂಗಿ ನೋಡಿದೆ. 29 ಗ್ರಾಂ ಉಳಿದಿದೆ, ಅರ್ಧ ಕೆಲಸಕ್ಕೆ 21 ಹೋಗಿದೆ. ಒಂದೇ ಉಂಡೆಯಲ್ಲಿ ಮುಗಿಯುತ್ತದೆ.

ಪಟ್ಟಿಯನ್ನು ಮೇಜಿನ ಮೇಲೆ ಹಾಸಿದರೆ ಚಪ್ಪಟೆಯಾಗಿ ಮಲಗುವುದಿಲ್ಲ, ನಡುವೆ ಉಬ್ಬಿದೆ. ಗಾರ್ಟರ್‌ನ ಸಾಲುಗಳು ಗಿಡ್ಡ, ಜಡೆಯ ಸಾಲುಗಳು ಅದಕ್ಕಿಂತ ಉದ್ದ. ಹಾಗಾಗಿ ಅಂಚುಗಳು ಎಳೆದುಕೊಂಡು ನಡುಭಾಗ ಕಮಾನಾಗುತ್ತದೆ. ಮಫ್ಲರಿನಲ್ಲಿ ಹೀಗಾದರೆ ನಾನು ಒಪ್ಪುತ್ತಿರಲಿಲ್ಲ. ಇಲ್ಲಿ ಬೇಕಾದದ್ದೇ ಇದು. ತಲೆ ಚಪ್ಪಟೆ ಅಲ್ಲವಲ್ಲ. ಮೇಲಿನ ಅಂಚೂ ಕೆಳಗಿನ ಅಂಚೂ ಚರ್ಮಕ್ಕೆ ಅಂಟಿ ಕೂರುತ್ತವೆ, ನಡುವೆ ಜಡೆಯ ಕೆಳಗೆ ಸ್ವಲ್ಪ ಗಾಳಿ ಉಳಿಯುತ್ತದೆ. ಬೆಚ್ಚಗಿಡುವುದು ಉಣ್ಣೆಗಿಂತ ಜಾಸ್ತಿ ಅದರಲ್ಲಿ ಸಿಕ್ಕಿಕೊಂಡ ಗಾಳಿಯೇ. ಅದು ಅಂಚಿನಿಂದ ಸೋರಿಹೋಗದಿದ್ದರೆ ಸಾಕು.

ಬೆಳಕಿಗೆ ಹಿಡಿದು ನೋಡಿದಾಗ ಇನ್ನೊಂದು ವಿಷಯ ಕಂಡಿತು. ಜಡೆ ಎರಡು ಪದರ, ದಪ್ಪ. ಅದರ ಪಕ್ಕದ ಉಲ್ಟಾ ಹೊಲಿಗೆಯ ಕಾಲುವೆಗಳು ಮಾತ್ರ ತೆಳು, ಬೆಳಕು ತೂರಿ ಬರುತ್ತದೆ. ಬೆಳಕು ಬಂದಲ್ಲಿ ಗಾಳಿಯೂ ಬರುತ್ತದೆ. ಅಂದ ಕೊಡುವ ಜಾಗವೇ ಚಳಿಯ ಬಾಗಿಲು. ಇಡೀ ಪಟ್ಟಿಗೆ ಅಸ್ತರಿ ಕೊಡುವ ಯೋಚನೆ ಬಂತು, ಕೈಬಿಟ್ಟೆ. ಪೂರ್ತಿ ಅಸ್ತರಿ ಹಿಗ್ಗುವಿಕೆಯನ್ನು ಕೊಲ್ಲುತ್ತದೆ, ಮೊದಲೇ ಇರುವುದು ನಾಲ್ಕು ಸೆಂ.ಮೀ. ಕಿವಿಯ ಜಾಗಕ್ಕೆ ಮಾತ್ರ ಎರಡು ತುಂಡು ಒಳಗೆ ಹೊಲಿಯುತ್ತೇನೆ. ತೆಳು ನೂಲು, ಸ್ಟಾಕಿನೆಟ್, 9 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲ, ನುಣುಪು ಮುಖ ಕಿವಿಯ ಕಡೆಗೆ.

ಸಾಲು 136

14 ಜಡೆ, ಅಂದರೆ 112 ಸಾಲು ಮುಗಿದ ಮೇಲೆ ಏರಿಸಿದ ಹಾಗೆಯೇ ಇಳಿಸುತ್ತಾ ಬಂದೆ, ಈಗ ಮತ್ತೆ 15 ಹೊಲಿಗೆ. ತುದಿ ಸೇರಿಸಬೇಕು.

ಶುರುವಿನಲ್ಲಿ ಬೇರೆ ಬಣ್ಣದ ಹತ್ತಿ ದಾರದ ಕ್ರೋಶಾ ಸರಪಳಿಯ ಮೇಲೆ ಹೊಲಿಗೆ ಎತ್ತಿದ್ದೆ. ಆ ಸರಪಳಿ ಬಿಚ್ಚಿದರೆ ಹೊಲಿಗೆಗಳು ಜೀವಂತವಾಗಿ, ಅಂದರೆ ಮುಚ್ಚದೆ ತೆರೆದೇ, ಕಡ್ಡಿಗೆ ಬರುತ್ತವೆ. ಕಾಣದ ಹಾಗೆ ಸೂಜಿಯಲ್ಲಿ ಕೂಡಿಸುವ ಕಿಚನರ್ ಹೊಲಿಗೆ ಎಲ್ಲರಿಗೂ ಇಷ್ಟ. ಆದರೆ ಶುರುವಿನ ಹೊಲಿಗೆ ಕೊನೆಯ ಹೊಲಿಗೆಗಿಂತ ಅರ್ಧ ಹೊಲಿಗೆ ಪಕ್ಕಕ್ಕೆ ಸರಿದಿರುತ್ತದೆ. ಸಾದಾ ಸ್ಟಾಕಿನೆಟ್‌ನಲ್ಲಿ ಅದು ಗೊತ್ತಾಗುವುದಿಲ್ಲ. ಸೀದಾ, ಉಲ್ಟಾ ಬೆರೆತ ಕಡೆ ಗೆರೆ ತಪ್ಪಿದ್ದು ಕಣ್ಣಿಗೆ ರಾಚುತ್ತದೆ. ಅಷ್ಟು ಕಷ್ಟಪಟ್ಟು ಓರೆ ಗೆರೆ ಪಡೆಯುವ ಬದಲು ಮೂರು ಕಡ್ಡಿಯ ಮುಕ್ತಾಯ ಹಾಕಿದೆ. ಎರಡು ತುದಿಯನ್ನೂ ಜೋಡಿಸಿ ಹಿಡಿದು, ಮೂರನೇ ಕಡ್ಡಿಯಿಂದ ಎರಡೆರಡು ಹೊಲಿಗೆ ಒಟ್ಟಿಗೆ ಹೆಣೆದು ಮುಚ್ಚುತ್ತಾ ಹೋಗುವುದು. ಒಂದು ಸಣ್ಣ ದಿಂಡು ಏಳುತ್ತದೆ. ಅದು ಹೊರಗೆ ಬರುವಂತೆ ಮಾಡಿದೆ. ಒಳಗಿದ್ದರೆ ಕತ್ತಿಗೆ ಒತ್ತುತ್ತದೆ, ಹೊರಗಿದ್ದರೆ ಜುಟ್ಟಿನ ಕೆಳಗೆ ಯಾರಿಗೂ ಕಾಣುವುದಿಲ್ಲ.

ಕಸೂತಿ

ಅವಳಿಗೆ ಪಕ್ಕದಲ್ಲೊಂದು ಉಲ್ಲನ್ ಹೂವು ಬೇಕಿತ್ತು. ನನಗೆ ಬೇಡ. ಹೂವಿನ ಭಾರಕ್ಕೆ ಪಟ್ಟಿ ಒಂದೇ ಕಡೆ ಜಾರುತ್ತದೆ, ಮೇಲೆ ಟೋಪಿಯ ಕೋಟು ಹಾಕಿದರೆ ನಜ್ಜುಗುಜ್ಜಾಗುತ್ತದೆ. ಕೊನೆಗೆ ಇಬ್ಬರೂ ಒಪ್ಪಿದ್ದು ಫ್ರೆಂಚ್ ಗಂಟುಗಳಿಗೆ (ಸೂಜಿಗೆ ದಾರ ಸುತ್ತಿ ಹಾಕುವ ಪುಟ್ಟ ಗಂಟು). ಜಡೆಯ ಪಕ್ಕದ ಕಾಲುವೆಯಲ್ಲಿ ಇಟ್ಟಿಗೆ ಕೆಂಪು ಉಣ್ಣೆಯ ಚುಕ್ಕಿಗಳು, ನಾಲ್ಕು ಸಾಲಿಗೊಂದು. ಹಣೆಯ ಕಡೆ ಮಾತ್ರ.

ಗಂಟಿನಿಂದ ಗಂಟಿಗೆ ಹಿಂದೆ ಹೋಗುವ ದಾರವನ್ನು ಸಡಿಲ ಬಿಡಬೇಕು. ಬಿಗಿಯಾಗಿ ಎಳೆದರೆ ಆ ಭಾಗ ಹಿಗ್ಗುವುದೇ ಇಲ್ಲ. ನಾನು ಪಟ್ಟಿಯನ್ನು ಒಂದು ದುಂಡು ಪಾತ್ರೆಗೆ ತೊಡಿಸಿ, ಹಿಗ್ಗಿದ ಸ್ಥಿತಿಯಲ್ಲೇ ಗಂಟು ಹಾಕಿದೆ. ಕೆಂಪು ನೂಲನ್ನು ಮೊದಲೇ ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ, ಬಣ್ಣ ಬಿಡುವುದಿಲ್ಲ ಅಂತ ಖಾತ್ರಿ ಮಾಡಿಕೊಂಡಿದ್ದೆ. ಕೆನೆ ಬಣ್ಣದ ಮೇಲೆ ಕೆಂಪು ಹರಡಿದರೆ ಆಮೇಲೆ ಮಾಡುವುದಕ್ಕೆ ಏನೂ ಇಲ್ಲ.

ತೊಳೆದ ಮೇಲೆ

ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ನೆನೆಸಿದೆ, ಉಜ್ಜಲಿಲ್ಲ. ಬಿಸಿ ನೀರು, ಉಜ್ಜಾಟ ಎರಡೂ ಸೇರಿದರೆ ಉಣ್ಣೆ ಕುಗ್ಗಿ ಗಟ್ಟಿಯಾಗುತ್ತದೆ. ಟವೆಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ಪಿನ್ನು ಚುಚ್ಚದೆ ನೆರಳಿನಲ್ಲಿ ಹಾಸಿದೆ. ಎಳೆದು ಪಿನ್ನು ಮಾಡಿದರೆ ಜಡೆ ಚಪ್ಪಟೆಯಾಗುತ್ತದೆ. ಒಣಗಿದ ಮೇಲೆ ಅಸ್ತರಿಯ ತುಂಡುಗಳನ್ನು ಸಡಿಲವಾಗಿ ಹೊಲಿದೆ. ತೊಳೆಯುವ ಮೊದಲೇ ಹೊಲಿದಿದ್ದರೆ ಎರಡು ಬಗೆಯ ನೂಲು ಬೇರೆ ಬೇರೆ ಅಳತೆಗೆ ಹಿಗ್ಗಿ ಸುಕ್ಕು ಬೀಳುತ್ತಿತ್ತು.

ಈಗ ಉದ್ದ 52.5 ಸೆಂ.ಮೀ., ಕಿವಿಯ ಬಳಿ ಅಗಲ 10. ಹಾಕಿಕೊಂಡು ಸೈಕಲ್ ಹೊಡೆದು ಬಂದವಳ ವರದಿ: ಕಿವಿ ಬೆಚ್ಚಗಿದೆ, ಹಣೆ ಕೆರೆಯುವುದಿಲ್ಲ, ಆದರೆ ಕರೆಬಂದರೆ ಫೋನು ಕಿವಿಗಿಟ್ಟಾಗ ಸರಿಯಾಗಿ ಕೇಳಿಸುವುದಿಲ್ಲ. ಅಸ್ತರಿಯನ್ನು ಒಂದು ಕಿವಿಗೆ ಮಾತ್ರ ಇಡಬಹುದಾ ಅಂತ ಕೇಳಿದಳು. ಆಗುವುದಿಲ್ಲ ಅಂದೆ.

ಮುಂದಿನದು ಅವಳ ತಮ್ಮನಿಗೆ. ತಲೆ 50 ಸೆಂ.ಮೀ., ಅಂದರೆ ಪಟ್ಟಿ 46, ಇದೇ ಕಡ್ಡಿಯಲ್ಲಿ 15 ಜಡೆ. ಅವನಿಗೆ ಚುಕ್ಕಿ ಬೇಡವಂತೆ, ಪಟ್ಟೆ ಬೇಕಂತೆ.