ಎಷ್ಟು ವರ್ಷ ಎಂಬ ಪ್ರಶ್ನೆಗೆ ಮೊದಲು

ಶಿಕ್ಷಾ ನೀತಿಯನ್ನು ಪರಾಮರ್ಶಿಸುವ ಸಾರ್ವಜನಿಕ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿ ಕೂತವರಿಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಕೇಳುವುದು ಒಂದೇ ಮಾತು: ಇಂಥ ಅಪರಾಧಕ್ಕೆ ಇಷ್ಟೇ ವರ್ಷವೇ, ಇಲ್ಲವೇ ಇಷ್ಟೊಂದು ವರ್ಷವೇ? ಸಂತ್ರಸ್ತರ ಮನೆಯವರು, ಕೈದಿಗಳ ಪರ ಕೆಲಸ ಮಾಡುವವರು, ಪೊಲೀಸ್ ಅಧಿಕಾರಿಗಳು, ಶಾಸಕರು ಎಲ್ಲರೂ ವರ್ಷಗಳ ಲೆಕ್ಕದಿಂದಲೇ ಮಾತು ಆರಂಭಿಸುತ್ತಾರೆ. ಮಂಡಳಿಯ ಸದಸ್ಯರೂ ಇದಕ್ಕೆ ಹೊರತಲ್ಲ. ಈ ಹುದ್ದೆಯಲ್ಲಿ ನಾನು ಕಲಿತ ಮುಖ್ಯ ಸಂಗತಿಯೆಂದರೆ, ಆ ಪ್ರಶ್ನೆಯನ್ನು ಕಾರ್ಯಸೂಚಿಯ ಕೊನೆಗೆ ತಳ್ಳಿ, ಪ್ರಕರಣದ ಯಾವ ಸಂಗತಿಯನ್ನು ಪರಿಗಣಿಸಬೇಕು, ಎಷ್ಟು ಸಲ ಪರಿಗಣಿಸಬೇಕು ಎಂಬುದನ್ನು ಮೊದಲು ಇತ್ಯರ್ಥ ಮಾಡಿಸದಿದ್ದರೆ ಮಂಡಳಿಯ ಸಭೆಗೂ ಟೀವಿ ಚರ್ಚೆಗೂ ವ್ಯತ್ಯಾಸ ಉಳಿಯುವುದಿಲ್ಲ ಎಂಬುದು.

ಇದಕ್ಕಾಗಿ ನಾವು ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ನ್ಯಾಯಾಧೀಶರು ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ ಅನುಸರಿಸಬೇಕಾದ ಹೊಸ ಮಾರ್ಗಸೂಚಿಯ ಚರ್ಚೆಗೆ ಮುನ್ನ, ಇತ್ಯರ್ಥವಾದ ಹಳೆಯ ಪ್ರಕರಣವೊಂದರ ಕಡತದಿಂದ ಹೆಸರು, ಸ್ಥಳ ಮತ್ತು ನ್ಯಾಯಾಲಯ ವಿಧಿಸಿದ ಶಿಕ್ಷೆಯ ವಿವರಗಳನ್ನು ತೆಗೆದು, ಉಳಿದುದರ ಪ್ರತಿಯನ್ನು ಎಲ್ಲ ಸದಸ್ಯರಿಗೂ ಕಳುಹಿಸುತ್ತೇವೆ. ಪ್ರತಿಯೊಬ್ಬರೂ ಯಾರೊಡನೆಯೂ ಚರ್ಚಿಸದೆ ತಮ್ಮ ತೀರ್ಮಾನವನ್ನೂ ಅದರ ಕಾರಣಗಳನ್ನೂ ಬರೆದು, ಲಕೋಟೆಯಲ್ಲಿಟ್ಟು ಕೊಡಬೇಕು. ಈ ಉಪಾಯ ನಮ್ಮದಲ್ಲ. 1974ರಲ್ಲಿ ಅಮೆರಿಕದ ಎರಡನೇ ಸರ್ಕ್ಯೂಟ್ ಎಂಬ ನ್ಯಾಯಾಂಗ ವಲಯದ 50 ಫೆಡರಲ್ (ಕೇಂದ್ರ) ನ್ಯಾಯಾಧೀಶರಿಗೆ 20 ಕಡತಗಳನ್ನು ಹೀಗೆಯೇ ಹಂಚಿದ್ದರು. ಒಂದು ಸುಲಿಗೆ ಪ್ರಕರಣದಲ್ಲಿ ಅತಿ ಕಡಿಮೆ ಶಿಕ್ಷೆ 3 ವರ್ಷವಾಗಿದ್ದರೆ, ಅತಿ ಹೆಚ್ಚಿನದು 20 ವರ್ಷ ಸೆರೆವಾಸ ಮತ್ತು 65,000 ಡಾಲರ್ ದಂಡವಾಗಿತ್ತು. ಎಲ್ಲರ ಮುಂದಿದ್ದುದು ಒಂದೇ ಕಾಗದಪತ್ರ. ಶಿಕ್ಷೆಯಲ್ಲಿನ ಇಂಥ ಏರುಪೇರನ್ನು ಸರಿಪಡಿಸಲು ಪ್ರತ್ಯೇಕ ಆಯೋಗ ಬೇಕೆಂದು ಅದೇ ದಶಕದ ಆರಂಭದಿಂದ ವಾದಿಸಿದವರು ನ್ಯಾಯಾಧೀಶ ಮಾರ್ವಿನ್ ಫ್ರಾಂಕೆಲ್. 1978ರಲ್ಲಿ ಮಿನೆಸೋಟ ರಾಜ್ಯ ಅಂಥ ಆಯೋಗವನ್ನು ರಚಿಸಿತು. 1980ರ ಮೇ ತಿಂಗಳಲ್ಲಿ ಅದರ ಮಾರ್ಗಸೂಚಿ ಜಾರಿಗೆ ಬಂತು.

ನಮ್ಮಲ್ಲಿ ಲಕೋಟೆಗಳನ್ನು ತೆರೆದಾಗ ಆಗುವುದನ್ನು ಒಂದು ಕನ್ನಗಳವಿನ ಪ್ರಕರಣದ ಮೂಲಕ ಹೇಳುತ್ತೇನೆ. ರಾತ್ರಿಯ ಹೊತ್ತು, ಹಿತ್ತಿಲ ಬಾಗಿಲಿನ ಚಿಲಕವನ್ನು ಕಬ್ಬಿಣದ ಸಲಾಕೆಯಿಂದ ಮೀಟಿ ಒಬ್ಬ ಒಳನುಗ್ಗಿದ್ದ. ಮನೆಯಲ್ಲಿ ಒಂಟಿ ವೃದ್ಧೆ ಮಲಗಿದ್ದರು, ಅವರಿಗೆ ಎಚ್ಚರವಾಗಲಿಲ್ಲ. ಕಳುವಾದದ್ದು ಒಂದು ಸರ ಮತ್ತು ಸ್ವಲ್ಪ ನಗದು. ಸರ ಸಿಕ್ಕಿತು, ನಗದು ಸಿಗಲಿಲ್ಲ. ಅವನು ಮೊದಲ ದಿನವೇ ತಪ್ಪೊಪ್ಪಿಕೊಂಡ. ಬಹಳ ವರ್ಷಗಳ ಹಿಂದೆ ಒಮ್ಮೆ ಕಳ್ಳತನಕ್ಕಾಗಿ ಶಿಕ್ಷೆಯಾಗಿತ್ತು. ಒಬ್ಬ ಸದಸ್ಯರು ಪ್ರೊಬೇಷನ್, ಅಂದರೆ ಜೈಲಿಗೆ ಕಳಿಸದೆ ಮೇಲ್ವಿಚಾರಣೆಯಲ್ಲಿ ಬಿಡುವುದು, ಸಾಕೆಂದು ಬರೆದಿದ್ದರು, ಮತ್ತೊಬ್ಬರು ನಾಲ್ಕು ವರ್ಷ ಎಂದಿದ್ದರು. ಈ ಎರಡು ತೀರ್ಮಾನಗಳನ್ನಷ್ಟೇ ನೋಡಿದವರು ಒಬ್ಬರು ಮೃದು, ಇನ್ನೊಬ್ಬರು ಕಠಿಣ ಎಂದುಕೊಂಡಾರು.

ಕಾರಣಗಳ ಹಾಳೆಯನ್ನು ಎದುರುಬದುರು ಇಟ್ಟು ಓದಿದಾಗ ತೋರಿದ್ದು ಬೇರೆ. ಕಠಿಣವಾಗಿ ಕಂಡವರು ರಾತ್ರಿ ವೇಳೆ, ಮನೆಯಲ್ಲಿ ಜನರಿದ್ದುದು, ಅವರು ಒಂಟಿ ವೃದ್ಧೆಯಾಗಿದ್ದುದು ಎಂದು ಮೂರು ಪ್ರತ್ಯೇಕ ಅಂಶಗಳನ್ನು ಬರೆದು ಪ್ರತಿಯೊಂದಕ್ಕೂ ಶಿಕ್ಷೆಯನ್ನು ಏರಿಸಿದ್ದರು. ಇನ್ನೊಬ್ಬರ ಪ್ರಕಾರ ಈ ಮೂರೂ ಹೇಳುವುದು ಒಳಗಿದ್ದವರಿಗೆ ಒದಗಬಹುದಾಗಿದ್ದ ಅಪಾಯವೊಂದನ್ನೇ. ಅಲ್ಲದೆ ಹಗಲಿಗಿಂತ ರಾತ್ರಿಯ ಕನ್ನಗಳವಿಗೆ ಕಾನೂನೇ ಹೆಚ್ಚಿನ ಗರಿಷ್ಠ ಶಿಕ್ಷೆ ಇಟ್ಟಿರುವಾಗ ರಾತ್ರಿ ಎಂಬುದನ್ನು ಮತ್ತೆ ಎಣಿಸುವುದು ಒಂದೇ ಸಾಲವನ್ನು ಎರಡು ಬಾರಿ ವಸೂಲು ಮಾಡಿದ ಹಾಗೆ. ಸಲಾಕೆಯ ಬಗ್ಗೆಯೂ ಹೀಗೆಯೇ ಆಯಿತು: ಒಬ್ಬರಿಗೆ ಅದು ಆಯುಧ, ಮತ್ತೊಬ್ಬರಿಗೆ ಬಾಗಿಲು ತೆಗೆಯುವ ಸಾಧನ. ತಪ್ಪೊಪ್ಪಿಗೆಯನ್ನು ಕೆಲವರು ಪಶ್ಚಾತ್ತಾಪವೆಂದು ಓದಿದರೆ, ಕೆಲವರು ವಿಚಾರಣೆಯ ಸಮಯ ಉಳಿಸಿದ್ದಕ್ಕೆ ಕೊಡುವ ರಿಯಾಯಿತಿಗೆ ಕಾರಣವಾಗಿ ಕಂಡರು, ಇನ್ನು ಕೆಲವರು ಅರಿವಿಲ್ಲದೆಯೇ ಎರಡಕ್ಕೂ ಸೇರಿಸಿ ಶಿಕ್ಷೆ ಇಳಿಸಿದ್ದರು. ಇಂಗ್ಲೆಂಡಿನಲ್ಲಿ ಇವೆರಡನ್ನೂ ಬೇರೆ ಬೇರೆ ಹಂತಗಳಲ್ಲಿ ಇಟ್ಟಿದ್ದಾರೆ. ಪಶ್ಚಾತ್ತಾಪ ತಗ್ಗಿಸುವ ಅಂಶಗಳ ಪಟ್ಟಿಯಲ್ಲಿ ಬರುತ್ತದೆ, ಮೊದಲ ಹಂತದಲ್ಲೇ ತಪ್ಪೊಪ್ಪಿಕೊಂಡವರಿಗೆ ಮೂರನೇ ಒಂದು ಭಾಗದವರೆಗಿನ ಕಡಿತವನ್ನು ಅನಂತರ ಪ್ರತ್ಯೇಕವಾಗಿ ಲೆಕ್ಕ ಹಾಕುತ್ತಾರೆ. ನಮ್ಮ ಕರಡಿನಲ್ಲಿಯೂ ಇದೇ ಕ್ರಮವನ್ನು ಅನುಸರಿಸಿದ ಮೇಲೆ ಸದಸ್ಯರ ಅಂತರ ಗಮನಾರ್ಹವಾಗಿ ಕುಗ್ಗಿತು. ಯಾರೂ ತಮ್ಮ ನಂಬಿಕೆಯನ್ನು ಬಿಟ್ಟುಕೊಟ್ಟಿರಲಿಲ್ಲ.

ಇದರ ಜೊತೆಗೆ ನ್ಯಾಯಾಲಯಗಳಿಂದ ಮಾಹಿತಿ ತರಿಸಿಕೊಳ್ಳುವ ನಮೂನೆಯ ವಿಷಯವಿದೆ. ಕೇಳಲು ನೀರಸ, ಆದರೆ ಅಧ್ಯಕ್ಷರು ಕೆಳಗಿನ ಸಿಬ್ಬಂದಿಗೆ ಬಿಟ್ಟುಬಿಡಬಾರದ ಕೆಲಸ. ‘ಅಪರಾಧದ ಗಾಂಭೀರ್ಯವನ್ನೂ ಆರೋಪಿಯ ವಯಸ್ಸನ್ನೂ ಪರಿಗಣಿಸಿ’ ಎಂಬ ಸಾಲು ಅಸಂಖ್ಯ ತೀರ್ಪುಗಳಲ್ಲಿ ಸಿಗುತ್ತದೆ. ವಯಸ್ಸಿನಿಂದ ಶಿಕ್ಷೆ ಏರಿತೇ ಇಳಿಯಿತೇ ಎಂಬುದು ಅದರಿಂದ ತಿಳಿಯುವುದಿಲ್ಲ. ಆದ್ದರಿಂದ ಪ್ರತಿ ಅಂಶದ ಎದುರು ‘ಹೆಚ್ಚಿಸಿತು, ತಗ್ಗಿಸಿತು, ಪರಿಣಾಮ ಬೀರಲಿಲ್ಲ’ ಎಂಬ ಮೂರು ಆಯ್ಕೆಗಳನ್ನಿಟ್ಟು ನಮೂನೆಯನ್ನು ಒಂದೇ ಪುಟಕ್ಕೆ ಇಳಿಸಿದೆವು. ದಿನದ ಪ್ರಕರಣಗಳ ಪಟ್ಟಿ ಮುಗಿಸಿ ಎದ್ದೇಳುವ ನ್ಯಾಯಾಧೀಶರಿಂದ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಸಂಖ್ಯೆಯ ಚರ್ಚೆ ಕೊನೆಗೂ ಬಂದಾಗ ಅದರ ಜೊತೆಯಲ್ಲೇ ಜೈಲಿನ ಲೆಕ್ಕವೂ ಮೇಜಿನ ಮೇಲಿರಬೇಕು. ಒಂದು ಬಗೆಯ ಅಪರಾಧಕ್ಕೆ ವರ್ಷಕ್ಕೆ ಸಾವಿರ ಮಂದಿ ಜೈಲಿಗೆ ಹೋಗಿ ಸರಾಸರಿ ಎರಡು ವರ್ಷ ಇರುತ್ತಾರೆ ಎಂದುಕೊಂಡರೆ, ಯಾವುದೇ ದಿನ ಒಳಗಿರುವವರು ಎರಡು ಸಾವಿರ. ಸರಾಸರಿಯನ್ನು ಬರೀ ಆರು ತಿಂಗಳು ಏರಿಸಿದರೂ ಹೊಸದಾಗಿ ಐನೂರು ಮಂದಿಗೆ ಸ್ಥಳ ಬೇಕು. ಆದರೆ ಮೊದಲ ಎರಡು ವರ್ಷ ಆ ಹೆಚ್ಚಳ ಕಾಣುವುದೇ ಇಲ್ಲ, ಏಕೆಂದರೆ ಬಿಡುಗಡೆಯಾಗಬೇಕಿದ್ದವರು ಬಿಡುಗಡೆಯಾಗದೆ ಉಳಿಯುವುದು ಆಮೇಲೆ. ಅಷ್ಟರಲ್ಲಿ ತೀರ್ಮಾನ ಮಾಡಿದ ಸಚಿವರೂ ಅಧ್ಯಕ್ಷರೂ ಬದಲಾಗಿರುತ್ತಾರೆ. ಮಿನೆಸೋಟದ ಆಯೋಗ ಆರಂಭದಲ್ಲಿಯೇ ಜೈಲುಗಳ ಸಾಮರ್ಥ್ಯವನ್ನು ಒಂದು ಮಿತಿಯಾಗಿ ಒಪ್ಪಿಕೊಂಡು, ಒಂದು ಕಡೆ ಏರಿಸಬೇಕೆಂದವರು ಮತ್ತೊಂದು ಕಡೆ ಎಲ್ಲಿ ಇಳಿಸುವಿರಿ ಎಂದು ಹೇಳಲೇಬೇಕಾದ ಸ್ಥಿತಿಯನ್ನು ತಂದಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2010ರಲ್ಲಿ ಕೆಲಸ ಆರಂಭಿಸಿದ ಶಿಕ್ಷಾ ಮಂಡಳಿಗೆ, ಪ್ರತಿ ಮಾರ್ಗಸೂಚಿಯ ಜೊತೆ ಜೈಲು ಮತ್ತು ಪ್ರೊಬೇಷನ್ ವ್ಯವಸ್ಥೆಯ ಮೇಲಾಗುವ ಪರಿಣಾಮದ ಅಂದಾಜನ್ನು ಪ್ರಕಟಿಸುವುದು 2009ರ ಕಾಯ್ದೆಯ ಪ್ರಕಾರ ಕಡ್ಡಾಯ. ನನ್ನ ಮಟ್ಟಿಗೆ ಇದು ಆ ಕಾಯ್ದೆಯ ಅತ್ಯುತ್ತಮ ಭಾಗ.

ಶಾಸಕಾಂಗದೊಂದಿಗಿನ ಸಂಬಂಧದ ಬಗ್ಗೆ ಮಾತು ಬಂದಾಗಲೆಲ್ಲ ನಾನು ಹೊಸ ಸದಸ್ಯರಿಗೆ ಓದಲು ಹೇಳುವುದು ಅಮೆರಿಕದ ಕೊಕೇನ್ ಶಿಕ್ಷೆಯ ಇತಿಹಾಸವನ್ನು. 1986ರ ಕಾಯ್ದೆಯ ಪ್ರಕಾರ 500 ಗ್ರಾಂ ಪುಡಿ ಕೊಕೇನ್ ಮಾರಾಟಕ್ಕೆ ಇದ್ದ 5 ವರ್ಷಗಳ ಕನಿಷ್ಠ ಶಿಕ್ಷೆ, ಅದೇ ವಸ್ತುವಿನ ಇನ್ನೊಂದು ರೂಪವಾದ ಕ್ರ್ಯಾಕ್‌ಗೆ ಕೇವಲ 5 ಗ್ರಾಂಗೇ ಬೀಳುತ್ತಿತ್ತು. ಕ್ರ್ಯಾಕ್ ಪ್ರಕರಣಗಳಲ್ಲಿ ಜೈಲಿಗೆ ಹೋದವರಲ್ಲಿ ಬಹುಪಾಲು ಕಪ್ಪು ಜನರು. 1995ರಲ್ಲಿ ಅಲ್ಲಿನ ಫೆಡರಲ್ ಶಿಕ್ಷಾ ಆಯೋಗ ತನ್ನ ಮಾರ್ಗಸೂಚಿಯಲ್ಲಿ ಈ ತಾರತಮ್ಯವನ್ನು ತೆಗೆದುಹಾಕಲು ಹೊರಟಿತು, ಸಂಸತ್ತು ಕಾನೂನು ಮಾಡಿ ಅದನ್ನು ತಿರಸ್ಕರಿಸಿತು. ಆಯೋಗ ಪತ್ರಿಕೆಗಳಲ್ಲಿ ಜಗಳಕ್ಕಿಳಿಯದೆ 1997, 2002 ಮತ್ತು 2007ರಲ್ಲಿ ವರದಿಗಳನ್ನು ಸಲ್ಲಿಸುತ್ತಲೇ ಹೋಯಿತು. 2007ರಲ್ಲಿ ತನ್ನ ಅಧಿಕಾರದ ಮಿತಿಯೊಳಗೆ ಮಾರ್ಗಸೂಚಿಯಲ್ಲಿ ಕ್ರ್ಯಾಕ್ ಪ್ರಕರಣಗಳ ಗಾಂಭೀರ್ಯದ ಮಟ್ಟವನ್ನು ಎರಡು ಮೆಟ್ಟಿಲು ಇಳಿಸಿತು. 2010ರ ಕಾಯ್ದೆ ಅಂತರವನ್ನು ನೂರಕ್ಕೊಂದರಿಂದ ಹದಿನೆಂಟಕ್ಕೊಂದಕ್ಕೆ ಇಳಿಸಿ, 5 ಗ್ರಾಂನ ಜಾಗದಲ್ಲಿ 28 ಗ್ರಾಂ ಎಂದಿತು. ಆ ಇಳಿಕೆ ಹಿಂದೆಯೇ ಶಿಕ್ಷೆಯಾದವರಿಗೂ ದಕ್ಕಿದ್ದು 2018ರ ಕಾಯ್ದೆಯಿಂದ. ಇದನ್ನು ತಾಳ್ಮೆಯ ಕಥೆಯೆಂದು ಹೊಗಳುವವರಿದ್ದಾರೆ. ಅಷ್ಟು ವರ್ಷ ಒಳಗಿದ್ದವರ ದೃಷ್ಟಿಯಿಂದ ನೋಡಿದರೆ ಹೊಗಳಲು ಬಾಯಿ ಬರುವುದಿಲ್ಲ. ಆದರೂ ಪ್ರಾಯೋಗಿಕವಾಗಿ ನಾನು ತೆಗೆದುಕೊಂಡಿರುವುದಿಷ್ಟು: ಸಲಹೆ ತಿರಸ್ಕೃತವಾದ ದಿನವೇ ಮುಂದಿನ ವರದಿಗೆ ಬೇಕಾದ ಮಾಹಿತಿಯ ಸಂಗ್ರಹ ಆರಂಭವಾಗಬೇಕು.

2025ರಲ್ಲಿ ಇಂಗ್ಲೆಂಡಿನ ಮಂಡಳಿಗೂ ಇಂಥದೇ ಪ್ರಸಂಗ ಎದುರಾಯಿತು. ಶಿಕ್ಷೆ ವಿಧಿಸುವ ಮುನ್ನ ಅಪರಾಧಿಯ ಹಿನ್ನೆಲೆಯ ವರದಿಯನ್ನು ಯಾರ ವಿಷಯದಲ್ಲಿ ಸಾಮಾನ್ಯವಾಗಿ ತರಿಸಿಕೊಳ್ಳಬೇಕು ಎಂಬ ಪಟ್ಟಿಯಲ್ಲಿ ಗರ್ಭಿಣಿಯರು, ಎಳೆಯ ವಯಸ್ಕರು ಮುಂತಾದವರ ಜೊತೆ ಜನಾಂಗೀಯ, ಸಾಂಸ್ಕೃತಿಕ ಮತ್ತು ಧಾರ್ಮಿಕ ಅಲ್ಪಸಂಖ್ಯಾತರೂ ಇದ್ದರು. ವಿವಾದ ಎದ್ದು, ಮಾರ್ಗಸೂಚಿಯನ್ನು ಜಾರಿಯ ಹಿಂದಿನ ದಿನ ತಡೆಹಿಡಿಯಬೇಕಾಯಿತು, ಬಳಿಕ ಸಂಸತ್ತು ಈ ವಿಷಯಕ್ಕೇ ಒಂದು ಕಾಯ್ದೆ ಮಾಡಿತು. ಹಿನ್ನೆಲೆಯ ವರದಿ ನ್ಯಾಯಾಧೀಶರಿಗೆ ಮಾಹಿತಿ ಕೊಡುತ್ತದೆಯೇ ಹೊರತು ತನ್ನಿಂದ ತಾನೇ ಶಿಕ್ಷೆ ಇಳಿಸುವುದಿಲ್ಲ ಎಂಬ ಮಾತು ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಕರಡನ್ನು ಹೊರಗೆ ಬಿಡುವ ಮುನ್ನ, ಅದರ ಯಾವ ಒಂದು ಸಾಲನ್ನು ಕತ್ತರಿಸಿ ಬೇರೆಡೆ ಅಂಟಿಸಿದರೆ ಅರ್ಥ ತಿರುಚುತ್ತದೆ ಎಂದು ಹುಡುಕುವ ಕೆಲಸವನ್ನು ಈಗ ನಾನು ಕಾನೂನು ಓದದ ಸಹೋದ್ಯೋಗಿಯೊಬ್ಬರಿಗೆ ಒಪ್ಪಿಸುತ್ತೇನೆ.

ನಿರ್ದಿಷ್ಟ ತೀರ್ಪಿನ ಬಗ್ಗೆ ಅಭಿಪ್ರಾಯ ಕೇಳಿ ಬರುವ ಕರೆಗಳಿಗೆ ನಾನು ಉತ್ತರಿಸುವುದಿಲ್ಲ. ಮೇಲ್ಮನವಿಗೆ ಹೋಗಬಹುದಾದ ಪ್ರಕರಣದಲ್ಲಿ ಅಧ್ಯಕ್ಷರ ಒಂದು ವಾಕ್ಯ ಯಾರ ಪರವಾಗಿ ಬಳಕೆಯಾದರೂ ಮಂಡಳಿಗೆ ಹಾನಿಯೇ.

ಸದ್ಯಕ್ಕೆ ನಮ್ಮ ಮುಂದೆ ಇತ್ಯರ್ಥವಾಗದೆ ಉಳಿದಿರುವುದು ಆ ಕನ್ನಗಳವಿನ ಕಡತದಲ್ಲೂ ಇದ್ದ ಹಳೆಯ ಶಿಕ್ಷೆಯ ಪ್ರಶ್ನೆ. ಹಿಂದಿನ ಅಪರಾಧಕ್ಕೆ ಅವನು ಶಿಕ್ಷೆ ಅನುಭವಿಸಿ ಆಗಿದೆ, ಅದನ್ನು ಮತ್ತೆ ಲೆಕ್ಕಕ್ಕೆ ಹಿಡಿಯಬಾರದು ಎಂಬುದು ಕೆಲವು ಸದಸ್ಯರ ನಿಲುವು. ಒಮ್ಮೆ ಎಚ್ಚರಿಕೆ ಸಿಕ್ಕಿಯೂ ಅದೇ ದಾರಿ ಹಿಡಿದವನ ಹೊಣೆ ಹೆಚ್ಚು ಎಂಬುದು ಇನ್ನು ಕೆಲವರ ವಾದ. ಅಮೆರಿಕದ ಫೆಡರಲ್ ಮಾರ್ಗಸೂಚಿಯಲ್ಲಿ 13 ತಿಂಗಳು ಮೀರಿದ ಹಿಂದಿನ ಸೆರೆವಾಸವನ್ನು ಸಾಮಾನ್ಯವಾಗಿ 15 ವರ್ಷಗಳವರೆಗೆ, ಅದಕ್ಕಿಂತ ಚಿಕ್ಕದನ್ನು 10 ವರ್ಷಗಳವರೆಗೆ ಎಣಿಸುತ್ತಾರೆ. ಎಣಿಸುವುದಾದರೆ ಅಂಥ ಗಡುವು ಬೇಕೆಂಬುದರಲ್ಲಿ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ. ಗಡುವು ಆರಂಭವಾಗಬೇಕಾದದ್ದು ಹಿಂದಿನ ತೀರ್ಪಿನ ದಿನದಿಂದಲೋ ಬಿಡುಗಡೆಯ ದಿನದಿಂದಲೋ ಎಂಬಲ್ಲಿ ಸಭೆ ಎರಡಾಗಿದೆ. ಎರಡೂ ಬಣದವರ ಕಾರಣಗಳನ್ನು ನಡಾವಳಿಯಲ್ಲಿ ದಾಖಲಿಸಿ, ಈ ವ್ಯತ್ಯಾಸದಿಂದ ಶಿಕ್ಷೆ ನಿಜಕ್ಕೂ ಬದಲಾಗುವಂಥ ಕಡತಗಳನ್ನು ಹುಡುಕಿ ಕೊಡುವಂತೆ ಸಂಶೋಧನಾ ವಿಭಾಗಕ್ಕೆ ತಿಳಿಸಿದ್ದೇನೆ. ಅವು ಬರುವವರೆಗೆ ಈ ವಿಷಯವನ್ನು ಮತಕ್ಕೆ ಹಾಕುವುದಿಲ್ಲ.